ಆಡದೆ ಆಡಿದ ಮಾತು



ಪ್ರತಿ ಸೋಮವಾರ ಈ ಪುಟದಲ್ಲಿ ಒಂದು ವಚನವನ್ನು ಎತ್ತಿಕೊಂಡು, ಅದರ ಪಾಠಾಂತರಗಳನ್ನು ನೋಡಿ, ನನ್ನ ಅಲ್ಪಮತಿಗೆ ತೋಚಿದ ಅರ್ಥವನ್ನು ಅರಿಕೆ ಮಾಡಿಕೊಳ್ಳುವುದು ರೂಢಿ. ಈ ವಾರ ಅದನ್ನು ಬದಿಗಿಟ್ಟಿದ್ದೇನೆ. ಮಠದ ಪುಟದಲ್ಲಿ ಕಂಪ್ಯೂಟರ್ ಆಟದ ಮಾತೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಆ ಮಾತನ್ನು ಮೊದಲು ಮಠದೊಳಕ್ಕೆ ತಂದವನು ನಾನೇ, ಅದೂ ತಪ್ಪಾಗಿ ತಂದವನು. ಆದಕಾರಣ ತಿದ್ದುವ ಹೊಣೆಯೂ ನನ್ನದೇ.

ಕಳೆದ ಶ್ರಾವಣ ಮಾಸದ ಪ್ರವಚನ ಮಾಲಿಕೆಯಲ್ಲಿ 'ಕಾಯಕ ಮತ್ತು ಕಾಲ' ಎಂಬ ವಿಷಯವಾಗಿ ಒಂದು ಸಂಜೆ ಮಾತನಾಡಲು ಪೂಜ್ಯರು ನನಗೆ ಅಪ್ಪಣೆ ಕೊಡಿಸಿದ್ದರು. ಸಭಾಮಂಟಪ ತುಂಬಿತ್ತು. ಮಾತಿನ ಭರದಲ್ಲಿ ನಾನು ಇಂದಿನ ಯುವಕರ ಕಡೆಗೆ ತಿರುಗಿ, ರಮ್ಮಿ, ಡೋಟಾ ಮೊದಲಾದ ಜೂಜುಗಳಲ್ಲಿ ಅವರು ತಾಯ್ತಂದೆಯರ ಬೆವರನ್ನು ಕರಗಿಸುತ್ತಿದ್ದಾರೆಂದೂ, ಕಾಯಕದ ನಾಡಿನಲ್ಲಿ ಇದು ಶೋಚನೀಯವೆಂದೂ ನುಡಿದೆ. ಚಪ್ಪಾಳೆ ಬಿತ್ತು. 'ಡೋಟಾ' ಎಂಬ ಹೆಸರು ನನಗೆ ತಿಳಿದಿದ್ದುದು ಅಕ್ಕನ ಫೋನಿನ ಮಾತಿನಿಂದ. ಅವಳ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಎರಡು ವಿಷಯ ಉಳಿಸಿಕೊಂಡಿದ್ದ. "ರಾತ್ರಿಯೆಲ್ಲಾ ಅದ್ಯಾವುದೋ ಡೋಟಾ ಅಂತ. ನಿನ್ನ ಮಾತಾದ್ರ ಅವ ಕೇಳ್ತಾನ, ಒಂದಿಷ್ಟು ಬುದ್ಧಿ ಹೇಳೋ ತಮ್ಮಾ" ಎಂದು ಆಕೆ ಅತ್ತಿದ್ದಳು. ಆ ಸಂಜೆ ಅಳಿಯ ರಜೆಗೆ ಬಂದವನು ಸಭೆಯ ಕೊನೆಯ ಸಾಲಿನಲ್ಲಿ ಕುಳಿತಿದ್ದ. ಅವನಿಗೆ ಮನೆಯಲ್ಲಿ ಹೇಳಬೇಕಾದುದನ್ನು ನಾನು ಐನೂರು ಜನರ ಮುಂದೆ ಹೇಳಿದ್ದೆ.

ಅವನು ಆ ರಾತ್ರಿ ಊಟದಲ್ಲಿ ಮಾತಾಡಲಿಲ್ಲ. ಎಲೆ ಎತ್ತುವಾಗ ಒಂದೇ ಮಾತು ಕೇಳಿದ: "ಮಾಮಾ, ಡೋಟಾ ಜೂಜಲ್ರಿ. ನೀವು ಒಮ್ಮೆಯಾದ್ರೂ ಆಡಿ ನೋಡೀರೇನು?"

ಇಲ್ಲವೆಂದೆ.

"ಮತ್ತ ಅನುಭಾವ ಇಲ್ಲದ ಮಾತು ಬರೀ ಓದಿನ ಮಾತು ಅಂತ ನೀವ ಹೇಳ್ತೀರಲ್ಲಾ?"

ಎಂ.ಎ.ಯಲ್ಲಿ ವಚನ ಸಾಹಿತ್ಯವನ್ನೇ ವಿಶೇಷ ಅಧ್ಯಯನಕ್ಕೆ ಆಯ್ದುಕೊಂಡು, ಹತ್ತು ವರ್ಷಗಳಿಂದ ಅದನ್ನೇ ವ್ಯಾಖ್ಯಾನಿಸುತ್ತ ಬಂದಿರುವ ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮರುದಿನವೇ ಅವನ ಲ್ಯಾಪ್‌ಟಾಪಿನ ಮುಂದೆ ಕುಳಿತು, ಕಲಿಸು ಎಂದೆ.

ಜೂಜಿನ ಮಾತನ್ನು ಮೊದಲು ತೀರಿಸಿಬಿಡುತ್ತೇನೆ. ಡೋಟಾದಲ್ಲಿ ಪಣವಿಲ್ಲ, ಆಡಲು ಹಣ ಕೊಡಬೇಕಿಲ್ಲ. ನಾಯಕ ಪಾತ್ರಗಳಿಗೆ ತೊಡಿಸುವ ಬಣ್ಣದ ಉಡುಗೆಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಆದರೆ ಅದರಿಂದ ಆಟದಲ್ಲಿ ಬಲ ಹೆಚ್ಚುವುದಿಲ್ಲ. (ಅಳಿಯ ಒಮ್ಮೆ ಕೊಂಡಿದ್ದಾನೆ. ಅದು ಅವನಿಗೂ ಅವನ ತಾಯಿಗೂ ಬಿಟ್ಟ ವಿಚಾರ.) 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯೂ ಹಣ ಒಡ್ಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿಯೇ ಗುರುತಿಸಿದೆ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ತಂಡ ಇದೇ ಡೋಟಾ 2 ಆಟದಲ್ಲಿ ಕಂಚಿನ ಪದಕ ಗೆದ್ದಿತ್ತು. ಇವೆಲ್ಲ ಒಂದು ಗಂಟೆ ಹುಡುಕಿದ್ದರೆ ನನಗೆ ಸಿಕ್ಕುತ್ತಿದ್ದ ಸಂಗತಿಗಳು. ಒಂದು ಪದದ ಪಾಠಾಂತರಕ್ಕಾಗಿ ಮೂರು ಸಂಪುಟ ತಿರುವಿಹಾಕುವವನು ಇಷ್ಟನ್ನೂ ನೋಡದೆ ವೇದಿಕೆ ಏರಿದ್ದೆ.

ಆಟದ ಹುಟ್ಟು ಸ್ವಾರಸ್ಯಕರವಾಗಿದೆ. 2002ರಲ್ಲಿ ಬಂದ ವಾರ್‌ಕ್ರಾಫ್ಟ್ 3 ಎಂಬ ಆಟದೊಡನೆ, ಆಡುವವರೇ ಹೊಸ ಭೂಪಟ ರಚಿಸಿಕೊಳ್ಳುವ ಸಲಕರಣೆಯನ್ನೂ ಕೊಟ್ಟಿದ್ದರು. ಅದನ್ನು ಬಳಸಿ 2003ರಲ್ಲಿ ಯೂಲ್ ಎಂಬ ಹೆಸರಿನವರೊಬ್ಬರು ಮಾಡಿದ ಭೂಪಟ ಕೈಯಿಂದ ಕೈಗೆ ದಾಟಿ, ಗ್ವಿನ್ಸೂ, ಐಸ್‌ಫ್ರಾಗ್ ಎಂಬ ಅಡ್ಡಹೆಸರಿನವರಿಂದ ತಿದ್ದಿಸಿಕೊಂಡು ಬೆಳೆಯಿತು. ವಾಲ್ವ್ ಸಂಸ್ಥೆ 2013ರಲ್ಲಿ ಅದನ್ನು ಡೋಟಾ 2 ಎಂದು ಪ್ರತ್ಯೇಕ ಆಟವಾಗಿ ಹೊರತಂದಿತು. ಅಡ್ಡಹೆಸರುಗಳನ್ನು ಕೇಳಿ ನಾನು 'ಇವರಿಗೂ ಅಂಕಿತವಿದೆ' ಎಂದು ನಕ್ಕೆ. ನಕ್ಕದ್ದು ಉದ್ಧಟತನವೇ, ಆದರೂ ಬರೆಯದೆ ಬಿಡಲಾರೆ.

ಇನ್ನು ಆಟ. ಚೌಕಾಕಾರದ ಒಂದು ಭೂಮಿ. ಎದುರುಬದುರು ಮೂಲೆಗಳಲ್ಲಿ ಎರಡು ಪಾಳೆಯ, ನಡುವೆ ಓರೆಯಾಗಿ ಹರಿಯುವ ನದಿ. ಒಂದೊಂದು ಪಾಳೆಯದಲ್ಲಿ ಐವರು. ಎರಡು ಪಾಳೆಯಗಳನ್ನು ಮೂರು ಹಾದಿಗಳು ಕೂಡಿಸುತ್ತವೆ. ಅವನ್ನು ಲೇನ್ ಎನ್ನುತ್ತಾರೆ. ಪ್ರತಿ ಹಾದಿಯಲ್ಲಿ ಒಂದೊಂದು ಕಡೆಗೆ ಮೂರು ಕಾವಲು ಗೋಪುರ, ಒಳಗೆ ಮೂಲಸ್ಥಾನದ ಮುಂದೆ ಇನ್ನೆರಡು. ಆ ಮೂಲಸ್ಥಾನಕ್ಕೆ ಏನ್ಷಿಯಂಟ್ ಎಂದು ಹೆಸರು. ಎದುರಾಳಿಯ ಏನ್ಷಿಯಂಟನ್ನು ಕೆಡವಿದವರು ಗೆದ್ದಂತೆ. ಎಷ್ಟು ಜನರನ್ನು ಕೊಂದೆವೆಂಬ ಲೆಕ್ಕದಿಂದ ಗೆಲವು ನಿರ್ಧಾರವಾಗುವುದಿಲ್ಲ. ಇದು ನನ್ನ ತಲೆಗೆ ಹೋಗಲು ವಾರ ಹಿಡಿಯಿತು. ಪ್ರತಿ 30 ಸೆಕೆಂಡಿಗೊಮ್ಮೆ ಎರಡೂ ಕಡೆಯಿಂದ ಕ್ರೀಪ್ ಎನ್ನುವ ಕಿರುಸೈನಿಕರ ಗುಂಪು ತಾನಾಗಿಯೇ ಹೊರಟು ಹಾದಿಯ ನಡುವೆ ಕಾದಾಡುತ್ತದೆ. ಆಡುವವನು 120ಕ್ಕೂ ಮಿಕ್ಕ ನಾಯಕರಲ್ಲಿ ಒಬ್ಬರನ್ನು ಆಯ್ದುಕೊಂಡು ಅವರ ಬೆನ್ನಿಗೆ ನಿಲ್ಲಬೇಕು.

ನಾಯಕನನ್ನು ನಡೆಸುವುದು ಮೌಸಿನ ಬಲಗುಂಡಿಯಿಂದ. ಶಕ್ತಿಗಳನ್ನು ಪ್ರಯೋಗಿಸುವುದು ಕ್ಯೂ, ಡಬ್ಲ್ಯೂ, ಇ, ಆರ್ ಕೀಲಿಗಳಿಂದ. ಹತ್ತು ವರ್ಷ ನುಡಿಯಲ್ಲಿ ವಚನಗಳನ್ನು ಬೆರಳಚ್ಚು ಮಾಡಿದ ನನ್ನ ಬೆರಳಿಗೆ ಅವು ಟ, ಡ, ಎ, ರ. ಅಳಿಯ "ಡಬ್ಲ್ಯೂ ಒತ್ರೀ" ಎಂದು ಕೂಗಿದಾಗಲೆಲ್ಲ ನನ್ನ ಬೆರಳು ತಡಕಾಡುತ್ತಿತ್ತು. ಕೊನೆಗೆ ಅವನೇ ಉಪಾಯ ಕಂಡುಕೊಂಡು "ಡಕಾರ, ಮಾಮಾ, ಡಕಾರ!" ಎನ್ನತೊಡಗಿದ. ಅಡಿಗೆಮನೆಯಲ್ಲಿದ್ದ ಅಕ್ಕ ಇವರು ವ್ಯಾಕರಣ ಓದುತ್ತಿದ್ದಾರೆಂದು ತಿಳಿದಳಂತೆ.

ಮೊದಲ ನಾಲ್ಕು ದಿನ ಕಂಪ್ಯೂಟರೇ ನಡೆಸುವ ಎದುರಾಳಿಗಳೊಡನೆ ಆಡಿ ಸೋತೆ. ಗೋಪುರದ ಕೆಳಗೆ ಒಬ್ಬನೇ ನುಗ್ಗಿ ಸಾಯುವುದು, ಹಿಂದಿರುಗುವ ಮಂತ್ರಪತ್ರ ಕೊಳ್ಳುವುದನ್ನು ಮರೆಯುವುದು, ಅಂಗಡಿಯಲ್ಲಿ ಬೇಡದ ಸರಕು ಕೊಳ್ಳುವುದು, ಹೀಗೆ. ಸತ್ತರೆ ಆಟ ಮುಗಿಯದು. ಕೂಡಿಟ್ಟ ಹೊನ್ನಿನಲ್ಲಿ ಒಂದಂಶ ಕಳೆದು, ಮೊದಮೊದಲು ಕೆಲವೇ ಸೆಕೆಂಡು, ಆಟ ಬೆಳೆದಂತೆ ಒಂದು ನಿಮಿಷಕ್ಕೂ ಮಿಕ್ಕಿ, ಸುಮ್ಮನೆ ಕಾಯಬೇಕು. ಉಳಿದ ನಾಲ್ವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ನಾನು ಕಣ್ಣೆತ್ತಿ ನೋಡಿದ್ದು ಹೀಗೆ ಸತ್ತು ಕುಳಿತಾಗಲೇ. ಬದುಕಿದ್ದಾಗ ನನ್ನ ಕಣ್ಣು ನನ್ನ ನಾಯಕನ ಮೇಲಿಂದ ಕದಲುತ್ತಿರಲಿಲ್ಲ.

ಈ ಆಟದ ಅಕ್ಷರಾಭ್ಯಾಸವೆಂದರೆ 'ಲಾಸ್ಟ್ ಹಿಟ್', ಅಂದರೆ ಕೊನೆಯ ಪೆಟ್ಟು. ಎದುರಾಳಿ ಕ್ರೀಪಿನ ಮೇಲೆ ನೀವು ನೂರು ಪೆಟ್ಟು ಹಾಕಿದ್ದರೂ ಹೊನ್ನು ಬರುವುದು ಪ್ರಾಣ ತೆಗೆದ ಕೊನೆಯ ಪೆಟ್ಟಿಗೆ. ಆ ಪೆಟ್ಟು ನಿಮ್ಮದಾದರೆ ಝಣ್ ಎಂಬ ಸದ್ದಿನೊಡನೆ ಮೂವತ್ತೈದರ ಆಸುಪಾಸಿನ ಹೊನ್ನು ನಿಮ್ಮ ಚೀಲಕ್ಕೆ. ನಿಮ್ಮದೇ ಕಡೆಯ ಕ್ರೀಪ್ ಆ ಪೆಟ್ಟು ಹಾಕಿಬಿಟ್ಟರೆ ಹೊನ್ನು ಯಾರಿಗೂ ಇಲ್ಲ. ಆದ್ದರಿಂದ ಹೊಡೆಯುವುದಕ್ಕಿಂತ ಹೊಡೆಯದೆ ತಡೆದುಕೊಳ್ಳುವುದೇ ಕಲಿಯಬೇಕಾದ ವಿದ್ಯೆ. ತನ್ನ ಕಡೆಯ ಕ್ರೀಪ್ ಅರ್ಧಕ್ಕಿಂತ ಹೆಚ್ಚು ಸೋತಾಗ ಅದನ್ನು ತಾನೇ ಕೊಂದು ಎದುರಾಳಿಗೆ ಹೊನ್ನು ದಕ್ಕದಂತೆ ಮಾಡುವುದೂ ಉಂಟು. ಇದಕ್ಕೆ 'ಡಿನೈ' ಎನ್ನುತ್ತಾರೆ. ಇದನ್ನು ಕಲಿಯುವಾಗ ನನ್ನ ಮನಸ್ಸು ಬಹಳ ಹಿಂಜರಿಯಿತೆಂಬುದನ್ನು ಒಪ್ಪುತ್ತೇನೆ.

ಆದರೆ ಹೊನ್ನಿನಂತಲ್ಲದ ಇನ್ನೊಂದು ಗಳಿಕೆಯಿದೆ. ಅದರ ಹೆಸರೇ ಎಕ್ಸ್‌ಪೀರಿಯನ್ಸ್, ಅನುಭವ. ಕ್ರೀಪ್ ಸತ್ತಾಗ ಹತ್ತಿರ ನಿಂತಿದ್ದ ಸಂಗಾತಿಗಳಿಗೆಲ್ಲ ಅದು ಹಂಚಿಹೋಗುತ್ತದೆ. ಪೆಟ್ಟು ಯಾರದೇ ಆಗಿರಲಿ, ಸನಿಹದಲ್ಲಿದ್ದರೆ ಸಾಕು. ಅಳಿಯ ಇದನ್ನು ಬಹು ಸಾಧಾರಣವಾಗಿ ಹೇಳಿ ಮುಂದಕ್ಕೆ ಹೋದ. ನಾನು ಅಲ್ಲೇ ನಿಂತೆ.

ಐದನೆಯ ದಿನ ಅವನು ತನ್ನೊಡನೆ ನನ್ನನ್ನು ಮನುಷ್ಯರ ನಡುವೆ ಆಡಲು ಕರೆದೊಯ್ದ. ಗೆಳೆಯನೊಬ್ಬನ ಲ್ಯಾಪ್‌ಟಾಪ್ ತಂದಿದ್ದ. ಐವರಲ್ಲಿ ಒಂದರಿಂದ ಐದರವರೆಗೆ ಸ್ಥಾನಗಳಿವೆ. ಒಂದನೆಯವನು ಕ್ಯಾರಿ. ಮೊದಲಲ್ಲಿ ದುರ್ಬಲ, ಹೊನ್ನು ಸೇರಿದಂತೆ ಪ್ರಬಲ, ಕೊನೆಗೆ ತಂಡವನ್ನು ಹೊತ್ತು ನಡೆಯುವವನು. ಐದನೆಯವನು ಸಪೋರ್ಟ್. ಅವನಿಗೆ ಹೊನ್ನು ಎಲ್ಲರಿಗಿಂತ ಕಡಿಮೆ. ಅಳಿಯ ಸ್ವೆನ್ ಎಂಬ ಖಡ್ಗಧಾರಿಯನ್ನು ತೆಗೆದುಕೊಂಡು ಒಂದನೆಯವನಾದ. ನನಗೆ ಐದನೆಯ ಸ್ಥಾನ, ಕ್ರಿಸ್ಟಲ್ ಮೇಡನ್ ಎಂಬ ಹಿಮದ ಹೆಣ್ಣು. ನಡಿಗೆ ನಿಧಾನ, ಮೈ ಬಲವಿಲ್ಲ. ಆದರೆ ಅವಳು ಇದ್ದರೆ ಸಂಗಾತಿಗಳೆಲ್ಲರ ಶಕ್ತಿಮೂಲ, ಅವರು ಎಷ್ಟೇ ದೂರದಲ್ಲಿರಲಿ, ಬೇಗ ತುಂಬಿಕೊಳ್ಳುತ್ತದೆ.

ನಾನು ಅವನ ಪಕ್ಕದಲ್ಲಿ ನಿಂತೆ. ಕ್ರೀಪೊಂದು ಸಾಯುವ ಹೊತ್ತಾಯಿತು. ನನ್ನ ಬೆರಳು ಒತ್ತಿತು. ಝಣ್!

"ಮಾಮಾ, ಅದು ನಂದು."

ಆಗಲಿ ಎಂದೆ. ಮುಂದಿನದೂ ನನ್ನದೇ ಆಯಿತು, ಅದರ ಮುಂದಿನದೂ. ಅವನು ಮೂರು ಸಲ ಹೇಳಿದ. ನಾನು ಮೂರು ಸಲವೂ ಕೈತಪ್ಪಿತೆಂದೆ. ಕೈ ತಪ್ಪಿರಲಿಲ್ಲ. ಆ ಸದ್ದು ಹಿತವಾಗಿತ್ತು. ಬಳಸುವುದು ಹೇಗೆಂದು ತಿಳಿಯದ ಹೊನ್ನು ನನ್ನ ಚೀಲದಲ್ಲಿ ಏರುತ್ತಿತ್ತು, ಬಳಸಬಲ್ಲವನು ಬರಿಗೈಯಲ್ಲಿ ನಿಂತಿದ್ದ. ನಲವತ್ತನೆಯ ನಿಮಿಷದಲ್ಲಿ ಎದುರಾಳಿಗಳು ನಮ್ಮ ಪಾಳೆಯಕ್ಕೆ ನುಗ್ಗಿದಾಗ ಸ್ವೆನ್ ಬಳಿ ಇರಬೇಕಾಗಿದ್ದ ಆಯುಧವಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮ ಮಾರಯ್ಯರ ಕಥೆಯನ್ನು ಈ ಪುಟದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕಲ್ಯಾಣದ ಅಂಗಳಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಆಯ್ದು ತಂದಾಗ ಲಕ್ಕಮ್ಮ ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳುತ್ತಾಳೆ. ಇದನ್ನು ಹೇಳುವಾಗ ನಾನು ಯಾವಾಗಲೂ ಲಕ್ಕಮ್ಮನ ಪಕ್ಕದಲ್ಲಿ ನಿಂತು ಹೇಳುತ್ತಿದ್ದೆ. ಮಾರಯ್ಯ ಅಂದು ಏಕೆ ಹೆಚ್ಚು ಆಯ್ದ ಎಂದು ನಾನು ಯೋಚಿಸಿಯೇ ಇರಲಿಲ್ಲ. ಬಿದ್ದಿತ್ತು, ಕೈ ಚಾಚಿದರೆ ಸಿಗುತ್ತಿತ್ತು, ಆಯ್ದ. ಅಷ್ಟೇ ಇದ್ದಿರಬೇಕು. ಅವನಲ್ಲಿ ದುರಾಸೆಯನ್ನು ಹುಡುಕುವ ವ್ಯಾಖ್ಯಾನಗಳನ್ನು, ನನ್ನದನ್ನೂ ಸೇರಿಸಿ, ಇನ್ನೊಮ್ಮೆ ನೋಡಬೇಕೆನ್ನಿಸುತ್ತದೆ. ಅಕ್ಕಿಯನ್ನು ಹಿಂದಕ್ಕೆ ಸುರಿಯಲು ಹೊರಟವನ ನಡಿಗೆ ಹೇಗಿದ್ದೀತೆಂದು ಈಗ ಸ್ವಲ್ಪ ಊಹಿಸಬಲ್ಲೆ.

ಐದನೆಯವನ ನಿಜವಾದ ಕೆಲಸ ಬೆಳಕು ಇಡುವುದು. ಈ ಭೂಮಿಯಲ್ಲಿ ನಮ್ಮವರ ಕಣ್ಣು ಬೀಳದ ಜಾಗವೆಲ್ಲ ಮಂಜಿನಲ್ಲಿ ಮುಚ್ಚಿರುತ್ತದೆ. ತಗ್ಗಿನಲ್ಲಿ ನಿಂತವನಿಗೆ ದಿಬ್ಬದ ಮೇಲಿನದು ಕಾಣದು, ಮರಗಳ ಹಿಂದಿನದು ಕಾಣದು, ಹತ್ತು ನಿಮಿಷಕ್ಕೊಮ್ಮೆ ಬರುವ ರಾತ್ರಿಯಲ್ಲಿ ಕಾಣುವ ದೂರ ಇನ್ನೂ ಕುಗ್ಗುತ್ತದೆ. ಅಬ್ಸರ್ವರ್ ವಾರ್ಡ್ ಎಂಬ ಕಾವಲುಗಣ್ಣನ್ನು ಆಯಕಟ್ಟಿನ ಜಾಗದಲ್ಲಿ ನೆಟ್ಟರೆ ಆರು ನಿಮಿಷ ಅಲ್ಲಿ ನಡೆಯುವುದೆಲ್ಲ ತಂಡದ ಐವರಿಗೂ ಕಾಣುತ್ತದೆ. ನೆಡಲು ಹೋದವನು ಕತ್ತಲಲ್ಲಿ ಒಬ್ಬನೇ ನಡೆಯಬೇಕು, ಎಷ್ಟೋ ಸಲ ಅಲ್ಲೇ ಸಾಯುತ್ತಾನೆ. ಅದರಿಂದ ತಂಡ ಉಳಿದರೆ, ಉಳಿಸಿದ್ದು ಯಾವ ದಿಬ್ಬದ ಮೇಲಿನ ಯಾರ ಕಣ್ಣೆಂದು ಯಾರೂ ಕೇಳುವುದಿಲ್ಲ. ನಮ್ಮ ಮಠದ ಹಳೆಯ ಕಟ್ಟೆಯ ಕಲ್ಲಿನಲ್ಲಿ ಯಾರೋ ಕೊರೆದ ಆಡು-ಹುಲಿಯ ಮನೆಯಿದೆ. ಅದರಲ್ಲಿಯೂ ಆಡುಗಳು ಗೆಲ್ಲುವುದು ಒಂದರ ಬೆನ್ನಿಗೊಂದು ನಿಂತಾಗಲೇ. ಆಟ ಹೊಸದಲ್ಲ ಎಂದು ಅಳಿಯನಿಗೆ ಹೇಳಿದೆ. ಅವನು ಕಟ್ಟೆಗೆ ಬಂದು ನೋಡಿ, ಬೆರಳಾಡಿಸಿ, "ಇದಕ್ಕೂ ಮೂರು ಲೇನ್ ಇದ್ದಾಂಗ ಅದ" ಎಂದ. ಇಲ್ಲ, ಆದರೂ ಒಪ್ಪಿಕೊಂಡೆ.

ಅಪರಿಚಿತರ ಬಾಯಿಯ ವಿಷಯವನ್ನು ಮುಚ್ಚಿಡಲಾರೆ. ನಾನು ತಪ್ಪಿದಾಗಲೆಲ್ಲ ಪರದೆಯ ಮೂಲೆಯಲ್ಲಿ ಬೈಗುಳಗಳು ಮೂಡುತ್ತಿದ್ದವು. ತಾಯಿಯನ್ನು ಕುರಿತ ಮಾತುಗಳೂ ಇದ್ದವು. ಇದು ಈ ಆಟದ ದೊಡ್ಡ ಕೊಳೆ, ನನ್ನ ಪ್ರವಚನದಲ್ಲಿ ಬೈಯಬೇಕಾಗಿದ್ದುದು ಇದನ್ನು. ಆದರೆ ಒಂದು ರಾತ್ರಿ ನನ್ನ ಕೈಯೂ ಕೀಲಿಮಣೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪದವನ್ನು ಮುಕ್ಕಾಲು ಬರೆದಿತ್ತು. ಕೋಪವನ್ನು ಕುರಿತ ಬಸವಣ್ಣನವರ ವಚನದ ಮೇಲೆ ನಾನು ಹನ್ನೆರಡು ಪುಟದ ಲೇಖನ ಬರೆದಿದ್ದೇನೆ. ಅಳಿಯ ಏನೂ ಹೇಳದೆ ಕೈಚಾಚಿ ಒಂದು ಗುಂಡಿ ಒತ್ತಿ ಆ ಮನುಷ್ಯನ ಮಾತು ನನಗೆ ಕಾಣದಂತೆ ಮಾಡಿದ. ಅವನು ದಿನವೂ ಹೀಗೆ ಮಾಡುತ್ತಾನಂತೆ.

ಎಲ್ಲಕ್ಕಿಂತ ಭಾರವಾದುದನ್ನು ಈಗ ಹೇಳಬೇಕು. ಪ್ರತಿ ಸಂಜೆ 7ಕ್ಕೆ ಗದ್ದುಗೆಯ ಪೂಜೆಯಲ್ಲಿ ವಚನ ಪಠಣ ಮಾಡುವುದು ನನ್ನ ಸೇವೆ. ಒಂದು ದಿನ 6 ಗಂಟೆ 10 ನಿಮಿಷಕ್ಕೆ ಆಟ ತೊಡಗಿದೆವು, ಅರ್ಧ ಗಂಟೆಯಲ್ಲಿ ಮುಗಿದೀತೆಂಬ ಅಂದಾಜು. ಮುಗಿಯಲಿಲ್ಲ. ಗೋಪುರಗಳು ಎರಡೂ ಕಡೆ ಬಿದ್ದು, ಒಂದು ತಪ್ಪಿಗೆ ಆಟ ಹೋಗುವ ಹದದಲ್ಲಿತ್ತು. ಗದ್ದುಗೆಯ ಗಂಟೆ ಕೇಳಿಸಿತು. ಎದ್ದು ಹೋದರೆ ನಾಲ್ವರು ಐವರ ಎದುರು ಉಳಿಯುತ್ತಾರೆ. ಐದು ನಿಮಿಷ ಸಂಪರ್ಕ ತಪ್ಪಿದರೆ ಆಟ ಬಿಟ್ಟು ಓಡಿದವನೆಂದು ದಾಖಲಾಗುತ್ತದೆ. ಅಳಿಯ ನನ್ನ ಮುಖ ನೋಡಿದ. "ಇನ್ನೈದು ನಿಮಿಷ" ಎಂದೆ. ಅಕ್ಕ ರೊಟ್ಟಿ ಆರುತ್ತದೆಂದು ಕರೆದಾಗಲೆಲ್ಲ ಅವನು ಅವಳಿಗೆ ಹೇಳುತ್ತಿದ್ದುದು ಇದೇ ಮಾತು. ಆಟ ಮುಗಿದಾಗ 7 ಗಂಟೆ 12 ನಿಮಿಷ. ಸೋತೆವು.

ಓಡಿಹೋದಾಗ ಪ್ರಸಾದನಿಲಯದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನ ಬದಲು ಪುಸ್ತಕ ಹಿಡಿದು ಓದುತ್ತಿದ್ದ. ಚೆನ್ನಾಗಿಯೇ ಓದಿದ. ಪೂಜ್ಯರು ಹೊರಡುವಾಗ "ದಣಿವಾಗಿತ್ತೇನು?" ಎಂದು ಕೇಳಿದರು. ಹೌದೆಂದುಬಿಟ್ಟೆ.

ಮನೆಗೆ ಬಂದು ಅಳಿಯನಿಗೆ ಹೇಳಿದೆ. ಅವನು ನನ್ನನ್ನು ಸಮಾಧಾನಪಡಿಸಲು, ನುಲಿಯ ಚಂದಯ್ಯನವರು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಲಿಂಗ ಜಾರಿ ನೀರಿಗೆ ಬಿದ್ದರೂ ಕಾಯಕ ಬಿಡಲಿಲ್ಲವಲ್ಲ ಎಂದ. ಅದು ಕಾಯಕ, ಇದು ಆಟ ಎಂದೆ. "ಮತ್ತ ನಾಲ್ಕು ಮಂದಿ ನಿಮ್ಮನ್ನ ನಂಬಿ ನಿಂತಿದ್ರಲ್ಲಾ?" ಎಂದ. ನಂಬಿ ನಿಂತವರು ಎರಡೂ ಕಡೆ ಇದ್ದರು. ಚಂದಯ್ಯನವರು ಕೊಯ್ದ ಹುಲ್ಲು ಹಗ್ಗವಾಗಿ, ಹಗ್ಗ ಜಂಗಮ ದಾಸೋಹಕ್ಕೆ ಸಲ್ಲುತ್ತಿತ್ತು. ನಾವು ಕೆಡವಲಾರದೆ ಹೋದ ಏನ್ಷಿಯಂಟಿನಿಂದ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಇಷ್ಟು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನನ್ನ ಎರಡು ಸಬ್ಜೆಕ್ಟೂ ಹಂಗ ಹೋದೂವು, ಮಾಮಾ" ಎಂದ. ಅಕ್ಕ ಆರು ತಿಂಗಳಿಂದ ಕೇಳಲು ಹಂಬಲಿಸಿದ ಮಾತು ಅದು. ನಾನು ಬುದ್ಧಿ ಹೇಳಿದ್ದರೆ ಖಂಡಿತ ಬರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಪೂಜ್ಯರ ಬಳಿ ಹೋಗಿ ದಣಿವಾಗಿರಲಿಲ್ಲವೆಂದು ಎಲ್ಲವನ್ನೂ ಹೇಳಿದೆ. ಕೇಳಿ ಮುಗಿಸಿ ಕೇಳಿದರು: "ಗೆದ್ದಿರೋ?"

"ಸೋತಿವ್ರೀ ಅಜ್ಜಾರ."

ನಕ್ಕರು. ಆಮೇಲೆ, ಸಭೆಯಲ್ಲಿ ಆಡಿದ ಮಾತನ್ನು ಸಭೆಗೇ ತಿದ್ದಿ ಹೇಳಬೇಕಲ್ಲವೇ ಎಂದರು. ಇದನ್ನು ಬರೆದದ್ದು ಆ ಅಪ್ಪಣೆಯಿಂದ. ಪ್ರವಚನಗಳ ಸಂಕಲನ ಅಚ್ಚಿಗೆ ಹೋಗುತ್ತಿದ್ದು, ಕರಡಿನಲ್ಲಿ ಆ ಮೂರು ವಾಕ್ಯಗಳನ್ನು ಹೊಡೆದುಹಾಕಿದ್ದೇನೆ.

ಈಗ ವಾರಕ್ಕೊಂದು ಆಟ, ಭಾನುವಾರ ಮಧ್ಯಾಹ್ನದ ಪ್ರಸಾದವಾದ ಮೇಲೆ. ಮುಂದೆ ಒಂದೂವರೆ ಗಂಟೆ ಬಿಡುವಿಲ್ಲದಿದ್ದರೆ ತೊಡಗುವುದೇ ಇಲ್ಲ. ಅವನು ಹುಬ್ಬಳ್ಳಿಯಲ್ಲಿ, ನಾನಿಲ್ಲಿ. ಕೆಲವೊಮ್ಮೆ ನಡುರಾತ್ರಿ ಅವನ ಹೆಸರಿನ ಮುಂದೆ ಹಸಿರು ಚುಕ್ಕೆ ಕಂಡಿದೆಯೆಂಬುದನ್ನು ಅಕ್ಕನಿಗೆ ಹೇಳಿಲ್ಲ, ಅವನಿಗೆ ಹೇಳಿದ್ದೇನೆ. ಉಳಿದ ಎರಡು ಪತ್ರಿಕೆಗಳ ಪರೀಕ್ಷೆ ಮುಂದಿನ ತಿಂಗಳು. ಕಳೆದ ಭಾನುವಾರ ನದಿಯ ಮೇಲಿನ ದಿಬ್ಬಕ್ಕೆ ವಾರ್ಡ್ ನೆಡಲು ಹೋಗಿ ಸತ್ತೆ. ನೆಟ್ಟ ಮೇಲೆಯೇ ಸತ್ತದ್ದು.

ಮುಂದಿನ ಸೋಮವಾರ ಲಕ್ಕಮ್ಮನ ವಚನಗಳ ಪಾಠವನ್ನು ಮೊದಲಿನಿಂದ ಎತ್ತಿಕೊಳ್ಳುವೆ.